ಕಾಲೇಜು ಸಿಬ್ಬಂದಿಯ ಸುದ್ದಿಗೆ ವಾಟ್ಸ್‌ಆ್ಯಪ್ ಕಮ್ಯುನಿಟಿ: ಕಾಸರಗೋಡಿನ ಬಳಕೆಗೆ ಎಷ್ಟು ಸರಿ?

ಕಾಸರಗೋಡು, ಮಂಜೇಶ್ವರದ ಸರಕಾರಿ ಕಾಲೇಜುಗಳ ಸಿಬ್ಬಂದಿಗೆ ಸುದ್ದಿ ಬರುವುದು ನಾಲ್ಕು ದಿಕ್ಕಿನಿಂದ. ತಿರುವನಂತಪುರದ ಕಾಲೇಜು ಶಿಕ್ಷಣ ನಿರ್ದೇಶನಾಲಯದ ಆದೇಶ, ಕಣ್ಣೂರು ವಿಶ್ವವಿದ್ಯಾನಿಲಯದ ಪರೀಕ್ಷಾ ಸೂಚನೆ, ಕಲೆಕ್ಟರರ ರಜೆ ಘೋಷಣೆ, ಮತ್ತೆ ಕಾಲೇಜಿನೊಳಗಿನ ಸಭೆ, ಸನ್ಮಾನ, ಮರಣವಾರ್ತೆ. 2024ರಲ್ಲಿ ನಾಲ್ಕು ವರ್ಷದ ಪದವಿ ಶುರುವಾದ ಮೇಲೆ ಸೂಚನೆಗಳು ಇನ್ನಷ್ಟು ಹೆಚ್ಚಿವೆ. ಎಲ್ಲವನ್ನೂ ಒಂದೇ ಸ್ಟಾಫ್ ಗ್ರೂಪಿಗೆ ಸುರಿದರೆ ಆಗುವುದು ಒಂದೇ: ಹುಟ್ಟುಹಬ್ಬದ ಶುಭಾಶಯಗಳ ಅಡಿಯಲ್ಲಿ ಪರೀಕ್ಷಾ ಡ್ಯೂಟಿಯ ಪಟ್ಟಿ ಹೂತುಹೋಗುತ್ತದೆ. ಇದಕ್ಕೆ ಪರಿಹಾರವಾಗಿ ವಾಟ್ಸ್‌ಆ್ಯಪ್‌ನ ಹಲವು ಗುಂಪುಗಳನ್ನು ಒಂದರ ಕೆಳಗೆ ತರುವ ಕಮ್ಯುನಿಟಿ ಸೌಲಭ್ಯ ಒಳ್ಳೆಯದೇ. ಆದರೆ ಅದು ಮಾಡುವ ಕೆಲಸ ಅರ್ಧ ಮಾತ್ರ.

ಕಮ್ಯುನಿಟಿ ತೆರೆದ ಕೂಡಲೇ ಪ್ರಕಟಣೆಗೆಂದು ಒಂದು ಗುಂಪು ತಾನಾಗಿ ಹುಟ್ಟುತ್ತದೆ. ಅದರಲ್ಲಿ ಹೊಸ ಪ್ರಕಟಣೆ ಹಾಕುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ. ಅಲ್ಲಿ ಸಾಮಾನ್ಯ ಸದಸ್ಯರ ಫೋನ್ ನಂಬರು ಪರಸ್ಪರ ಕಾಣಿಸುವುದೂ ಇಲ್ಲ. ಅಧ್ಯಾಪಿಕೆಯರಿಗೆ ಇದು ಸಣ್ಣ ಅನುಕೂಲವಲ್ಲ. ಈಗಾಗಲೇ ಇರುವ ಅಧ್ಯಾಪಕರ ಗುಂಪು, ಆಫೀಸು ಸಿಬ್ಬಂದಿಯ ಗುಂಪು, ಪರೀಕ್ಷಾ ಗುಂಪು, ಸ್ಟಾಫ್ ಕ್ಲಬ್ಬು ಇವನ್ನೆಲ್ಲ ಇದರ ಕೆಳಗೆ ಸೇರಿಸಬಹುದು. ಸೇರಿಸಿದ ಮೇಲೆ ಉಳಿದವನ್ನು ಮ್ಯೂಟ್ ಮಾಡಿ, ಪ್ರಕಟಣೆಯ ಗುಂಪನ್ನು ಮಾತ್ರ ತೆರೆದಿಡಲು ಎಲ್ಲರಿಗೂ ಹೇಳಬೇಕು. ಅಡ್ಮಿನ್‌ಗಳು ಕನಿಷ್ಠ ಮೂವರು ಇರಲಿ: ಪ್ರಿನ್ಸಿಪಾಲರು, ಆಫೀಸಿನ ಸೂಪರಿಂಟೆಂಡೆಂಟ್, ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ನೋಡುವ ಘಟಕ) ಸಂಚಾಲಕರು. ಕಮ್ಯುನಿಟಿ ತೆರೆಯುವುದು ಕಾಲೇಜಿನ ಹೆಸರಲ್ಲಿರುವ ನಂಬರಿನಿಂದಲೇ ಆಗಲಿ. ಸ್ವಂತ ನಂಬರಿನಿಂದ ತೆರೆದವರು ವರ್ಗವಾಗಿ ಹೋದರೆ ಕೀಲಿಕೈಯೂ ಅವರ ಜತೆಗೇ ಹೋಗುತ್ತದೆ.

ಸಂದೇಶವನ್ನು ಗುಂಪಿನ ಮೇಲ್ಭಾಗದಲ್ಲೇ ನಿಲ್ಲಿಸುವ ಪಿನ್ ಸೌಲಭ್ಯವನ್ನು ಬಳಸುವವರು ಕಡಿಮೆ, ಬಳಸಬೇಕು. ಒಮ್ಮೆಗೆ ಮೂರು ಸಂದೇಶ ಪಿನ್ ಮಾಡಬಹುದು. ಅವಧಿ 24 ಗಂಟೆ, 7 ದಿನ ಅಥವಾ 30 ದಿನ. ಮೆಡಿಸೆಪ್ (ಕೇರಳ ಸರಕಾರಿ ನೌಕರರ ಆರೋಗ್ಯ ವಿಮೆ) ಆಶ್ರಿತರ ವಿವರ ತಿದ್ದುವ ಕೊನೆ ದಿನದಂಥದ್ದಕ್ಕೆ 7 ದಿನ ಸರಿ. ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಲು ಬರುತ್ತದೆ, ನಿಜ. ಆದರೆ ಮೊದಲೇ ಓದಿದವರಿಗೆ ತಿದ್ದಿದ್ದು ಗೊತ್ತಾಗುವುದಿಲ್ಲ. ದಿನಾಂಕ ತಪ್ಪಿದ್ದರೆ ತಿದ್ದುವ ಗೋಜಿಗೇ ಹೋಗಬೇಡಿ. ಅದನ್ನು ಅಳಿಸಿ, ‘ತಿದ್ದುಪಡಿ’ ಎಂದು ಶುರುಮಾಡಿ ಹೊಸದಾಗಿ ಹಾಕಿ.

ಗಡಿಯ ಊರಿನ ಅಸಲಿ ತೊಂದರೆ ಮಳೆರಜೆಯಲ್ಲಿದೆ. ಜೂನ್, ಜುಲೈಯಲ್ಲಿ ‘ನಾಳೆ ಜಿಲ್ಲೆಯಲ್ಲಿ ರಜೆ’ ಎಂಬ ಚಿತ್ರ ರಾತ್ರಿ ಹರಿದಾಡುತ್ತದೆ. ಯಾವ ಜಿಲ್ಲೆ? ತಲಪಾಡಿಯ ಆಚೆಯಿಂದ ದಿನಾ ಬರುವವರಿಗೆ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯವರ ಆದೇಶವೂ ಕಾಸರಗೋಡು ಕಲೆಕ್ಟರರ ಆದೇಶವೂ ಒಟ್ಟಿಗೆ ತಲುಪುತ್ತವೆ. ಹೋದ ವರ್ಷದ ಚಿತ್ರ ಮತ್ತೆ ಜೀವ ಪಡೆಯುವುದೂ ಉಂಟು. ಅದಲ್ಲದೆ ರಜೆ ಆದೇಶದಲ್ಲಿ ಕಾಲೇಜು ಸೇರಿದೆಯೋ ಇಲ್ಲವೋ, ನಿಗದಿಯಾದ ಪರೀಕ್ಷೆ ನಡೆಯುತ್ತದೋ ಎಂಬುದೇ ಮುಖ್ಯ. ಹಾಗಾಗಿ ಚಿತ್ರವನ್ನು ಫಾರ್ವರ್ಡ್ ಮಾಡುವ ಬದಲು ಅಡ್ಮಿನ್ ಒಬ್ಬರು ಟೈಪ್ ಮಾಡಿ ಹಾಕಬೇಕು, ಹೀಗೆ:

‘ಕಾಸರಗೋಡು ಜಿಲ್ಲೆ. ನಾಳೆ, ಜುಲೈ 16, ಬುಧವಾರ ಕಾಲೇಜಿಗೆ ರಜೆ. ವಿಶ್ವವಿದ್ಯಾನಿಲಯದ ಪರೀಕ್ಷೆ ಇದೆ, ಡ್ಯೂಟಿಯವರು 9 ಗಂಟೆಗೆ ಬರಬೇಕು. ವಿಚಾರಿಸಲು: ಪರೀಕ್ಷಾ ವಿಭಾಗ.’

ಯಾರಿಗೆ, ಏನು, ಯಾವಾಗ, ಯಾರನ್ನು ಕೇಳಬೇಕು. ಇಷ್ಟಿದ್ದರೆ ಮರುದಿನ ಆಫೀಸಿಗೆ ಬರುವ ಫೋನು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಭಾಷೆಯ ವಿಷಯದಲ್ಲಿ ಆ್ಯಪಿನ ದೋಷ ಏನೂ ಇಲ್ಲ, ದೋಷ ಬಳಕೆಯದ್ದು. ಮಲಯಾಳದ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಗೆಯೇ ಹಾಕುತ್ತಾರೆ. ಮಲಯಾಳ ಮಾತಾಡುವ ಎಷ್ಟೋ ಕನ್ನಡಿಗರಿಗೆ ಅದನ್ನು ಓದುವುದು ನಿಧಾನ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೇ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿರುವಾಗ, ಕಾಲೇಜಿನೊಳಗೆ ಎರಡು ಸಾಲು ಕನ್ನಡ ಸಾರಾಂಶ ಬರೆಯುವುದು ದೊಡ್ಡ ಕೆಲಸವಲ್ಲ. ಸಾರಾಂಶದಿಂದ ಇನ್ನೊಂದು ಲಾಭ: ಸ್ಕ್ಯಾನ್ ಆದ ಪುಟದೊಳಗಿನ ಪದ ಹುಡುಕಿದರೆ ಸಿಗುವುದಿಲ್ಲ, ಟೈಪ್ ಮಾಡಿದ ಸಾಲು ಸಿಗುತ್ತದೆ. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಆಗಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ನಕಲು ಮಾಡಿ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬೀಳುತ್ತದೆ, ಮೊದಲು ಪರಿವರ್ತಿಸಿಕೊಳ್ಳಬೇಕು.

ಇನ್ನು ಫೋಟೋ. ಕಾರ್ಯಕ್ರಮ ಮುಗಿದ ಮೇಲೆ ಗುಂಪಿಗೆ ಹಾಕಿದ ಚಿತ್ರವನ್ನೇ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ದಾಖಲೆಗೆ ಬಳಸುವ ರೂಢಿ ಬಿಡಬೇಕು. ಫೋಟೋವಾಗಿ ಕಳುಹಿಸಿದಾಗ ವಾಟ್ಸ್‌ಆ್ಯಪ್ ಅದರ ಗಾತ್ರ ಕುಗ್ಗಿಸುತ್ತದೆ, ಚಿತ್ರದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಜಿಯೋಟ್ಯಾಗ್ ಇರುವ ಚಿತ್ರ ಬೇಕೆಂದಾಗ ಇದೇ ಮುಳುವಾಗುವುದು. ಅಟ್ಯಾಚ್ ಚಿಹ್ನೆ ಒತ್ತಿ, ‘ಡಾಕ್ಯುಮೆಂಟ್’ ಆರಿಸಿ ಕಳುಹಿಸಿದರೆ ಮೂಲ ಫೈಲು ಇದ್ದಂತೆಯೇ ತಲುಪುತ್ತದೆ.

ದಾಖಲೆ ಉಳಿಸುವುದರಲ್ಲಿ ಈ ಸೇವೆ ಸೋಲುತ್ತದೆ. ಡೌನ್‌ಲೋಡ್ ಮಾಡದೆ ಬಿಟ್ಟ ಫೈಲು ಕೆಲವು ವಾರ ಕಳೆದರೆ ತೆರೆಯುವುದೇ ಇಲ್ಲ. ವರ್ಗವಾಗಿ ಬಂದವರಿಗೆ ಹಿಂದಿನ ವರ್ಷದ ಆದೇಶ ಬೇಕಾದರೆ ಯಾರದೋ ಫೋನು ಕೆದಕಬೇಕು. ಆದ್ದರಿಂದ ಕಾಲೇಜಿನ ಖಾತೆಯ ಗೂಗಲ್ ಡ್ರೈವಿನಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ, ಫೈಲಿನ ಹೆಸರನ್ನು ವರ್ಷ, ತಿಂಗಳು, ದಿನ, ವಿಷಯ ಈ ಕ್ರಮದಲ್ಲಿ ಇಟ್ಟು, ಗುಂಪಿಗೆ ಅದರ ಕೊಂಡಿಯನ್ನು ಹಾಕುವುದು ಸರಿಯಾದ ದಾರಿ. ಕೊಂಡಿ ತೆರೆಯುವ ಅನುಮತಿ ಸಿಬ್ಬಂದಿಗೆ ಮಾತ್ರ ಇರಲಿ. ಸಂಬಳ, ಆಶ್ರಿತರ ವಿವರದ ಪಟ್ಟಿಯನ್ನು ಗುಂಪಿಗೆ ಹಾಕಲೇಬಾರದು.

ಸದಸ್ಯರ ಪಟ್ಟಿಯನ್ನು ವರ್ಷಕ್ಕೆರಡು ಸಲವಾದರೂ ನೋಡಬೇಕು. ಜೂನ್‌ನಲ್ಲಿ ಅತಿಥಿ ಉಪನ್ಯಾಸಕರನ್ನು ಸೇರಿಸಲು ಮರೆತು, ಆಮೇಲೆ ಸಭೆಗೆ ಬರಲಿಲ್ಲವೆಂದು ಅವರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಮಾರ್ಚ್, ಮೇ ಕೊನೆಗೆ ನಿವೃತ್ತರಾಗುವವರನ್ನು ಮರುದಿನವೇ ತೆಗೆದುಹಾಕುವುದೂ ಬೇಡ. ಅವರ ಪಿಂಚಣಿಯ ಕಾಗದಪತ್ರ ಇನ್ನೂ ಆಫೀಸಿನಲ್ಲಿ ಓಡಾಡುತ್ತಿರುತ್ತದೆ. ಕಮ್ಯುನಿಟಿಯ ಕೆಳಗೆ ನಿವೃತ್ತರಿಗೊಂದು ಗುಂಪು ತೆರೆದು ಮೊದಲು ಅಲ್ಲಿಗೆ ಸೇರಿಸಿ, ಬಳಿಕ ಉಳಿದ ಗುಂಪುಗಳಿಂದ ಬಿಡಿಸಿ.