ಖಂಡ ಜೋಡಿಸುವ ಮರದ ಪಜಲ್: ತುಂಡುಗಳು ಚೆನ್ನಾಗಿವೆ, ಜೊತೆಗಿರುವ ಪುಸ್ತಕ ಸಾಲದು

ಮೊದಲು ಹೇಳಬೇಕಾದ್ದು ತುಂಡು ಕತ್ತರಿಸಿರುವ ರೀತಿ. ನಾನು ಹಿಂದೆ ತಂದಿದ್ದ ಪಜಲ್‌ನಲ್ಲಿ ಈಗಿನ ಕರಾವಳಿಯ ಗೆರೆಯಲ್ಲೇ ಕತ್ತರಿಸಿದ್ದರು. ದಕ್ಷಿಣ ಅಮೆರಿಕವನ್ನು ಆಫ್ರಿಕಾ ಪಕ್ಕ ಇಟ್ಟರೆ ಅಲ್ಲಲ್ಲಿ ಸಂದು ಉಳಿಯುತ್ತಿತ್ತು, ಮಗಳು 'ಇದು ಕೂರೋದೇ ಇಲ್ಲ' ಅಂತ ಬಿಟ್ಟುಬಿಟ್ಟಳು. ಇದರಲ್ಲಿ ಹಾಗಿಲ್ಲ. ಖಂಡದ ನಿಜವಾದ ಅಂಚು ದಡದಲ್ಲಿಲ್ಲ, ನೀರಿನಡಿ ನೆಲ ಆಳಕ್ಕೆ ಇಳಿಯುವ ಕಡೆ ಇದೆ. 1965ರಲ್ಲಿ ವಿಜ್ಞಾನಿ ಎಡ್ವರ್ಡ್ ಬುಲ್ಲಾರ್ಡ್ ಮತ್ತು ಸಂಗಡಿಗರು ಕಂಪ್ಯೂಟರ್‌ನಲ್ಲಿ ಜೋಡಿಸಿ ನೋಡಿದ್ದೂ ಸುಮಾರು 900 ಮೀಟರ್ ಆಳದ ಗೆರೆಯನ್ನೇ. ಈ ಪಜಲ್ ಮಾಡಿದವರು ಆ ಅಂಚಿನಲ್ಲೇ ಕತ್ತರಿಸಿ, ಕರಾವಳಿಯನ್ನು ಒಳಗೆ ತೆಳುವಾಗಿ ಕೆತ್ತಿದ್ದಾರೆ. ಬ್ರೆಜಿಲ್‌ನ ಮೂಗನ್ನು ಗಿನಿ ಕೊಲ್ಲಿಯ ಮೂಲೆಗೆ ತಳ್ಳಿದರೆ ಟಕ್ ಅಂತ ಕೂರುತ್ತದೆ. ಬೆರಳಾಡಿಸಿದರೂ ಸಂದು ಗೊತ್ತಾಗುವುದಿಲ್ಲ.

ಪಳೆಯುಳಿಕೆ ಸಿಕ್ಕ ಜಾಗಗಳಿಗೆ ಬಣ್ಣ ಬಳಿದಿದ್ದಾರೆ, ಅದು ನನಗೆ ತುಂಬಾ ಇಷ್ಟವಾಯಿತು. ಗ್ಲಾಸಾಪ್ಟೆರಿಸ್ ಗಿಡದ ಹಸಿರು ಪಟ್ಟೆ ದಕ್ಷಿಣ ಅಮೆರಿಕ, ಆಫ್ರಿಕಾ, ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಐದರಲ್ಲೂ ಚೂರುಚೂರಾಗಿದೆ. ಎಲ್ಲ ಸೇರಿಸಿದ ಮೇಲೆ ಒಂದೇ ಪಟ್ಟೆ! 20 ಕೋಟಿ ವರ್ಷಗಳ ಹಿಂದೆ ಪ್ಯಾಂಜಿಯಾ, ಅಂದರೆ ಎಲ್ಲ ಖಂಡಗಳೂ ಕೂಡಿದ್ದ ಒಂದೇ ಮಹಾಖಂಡ, ಒಡೆಯಲು ಶುರುವಾಗುವ ಮುಂಚೆ ನೆಲ ಹೀಗೇ ಇತ್ತು ಅಂತ ಕೈಗೇ ತಿಳಿಯುತ್ತದೆ.

ಒಂದು ತಪ್ಪು ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಮಡಗಾಸ್ಕರ್ ಅನ್ನು ಆಫ್ರಿಕಾ ತುಂಡಿಗೇ ಅಂಟಿಸಿಬಿಟ್ಟಿದ್ದಾರೆ. ಆಫ್ರಿಕಾದಿಂದ ಬೇರೆಯಾದ ಮೇಲೂ ಅದು ಭಾರತದ ಜೊತೆಗೇ ಇತ್ತು, ಇಬ್ಬರೂ ದೂರವಾಗಿದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಬಿಡಿ ತುಂಡು ಕೊಡಬೇಕಿತ್ತು.

ಇನ್ನು ಪುಸ್ತಕ. ಖಂಡಗಳು ಸರಿಯುತ್ತವೆ ಅಂತ 1912ರಲ್ಲಿ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ಹೇಳಿದರು, ಯಾರೂ ನಂಬಲಿಲ್ಲ, ಅಷ್ಟೇ ಬರೆದಿದ್ದಾರೆ. ಯಾಕೆ ನಂಬಲಿಲ್ಲ ಅನ್ನೋದೇ ಮುಖ್ಯ ಅಲ್ವಾ? ಖಂಡಗಳನ್ನು ತಳ್ಳುವ ಶಕ್ತಿ ಯಾವುದು ಅಂತ ಅವರಿಗೆ ಸರಿಯಾಗಿ ತೋರಿಸಲು ಆಗಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ ತೀರಿಕೊಂಡರು. ನೆಲ ಬೇರೆಯಾಗುವ ಜಾಗ ತೋರಿಸಿದ ಸಾಗರದ ತಳದ ನಕ್ಷೆ ಬಂದಿದ್ದು ಆಮೇಲೆ, ನಕ್ಷೆ ಬರೆದ ಮೇರಿ ಥಾರ್ಪ್ ಅಂಥವರಿಂದ. ಇದೊಂದೂ ಪುಸ್ತಕದಲ್ಲಿಲ್ಲ. ಸಾಲದ್ದಕ್ಕೆ ಚಿತ್ರದಲ್ಲಿ ಖಂಡಗಳು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತಿವೆ.

ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ಸಾಗರದ ತಳ ಅಂದುಕೊಂಡು ಎರಡು ಮೇಜುಗಳ ನಡುವಿನ ಸಂದಿನಿಂದ ಎರಡು ಕಾಗದ ಮೇಲೆ ಎಳೆದು, ಒಂದರ ಮೇಲೆ ಆಫ್ರಿಕಾ, ಇನ್ನೊಂದರ ಮೇಲೆ ದಕ್ಷಿಣ ಅಮೆರಿಕ ಇಟ್ಟು, ಆಚೆ ಈಚೆ ನಿಧಾನಕ್ಕೆ ಎಳೆದೆವು. ಅಟ್ಲಾಂಟಿಕ್ ಹೀಗೇ ವರ್ಷಕ್ಕೆ 2-3 ಸೆಂಟಿಮೀಟರ್ ಅಗಲವಾಗುತ್ತಿದೆ, ಉಗುರು ಬೆಳೆಯುವಷ್ಟು. 'ಹಾಗಾದ್ರೆ ನಡುವಿನ ನೆಲ ಹೊಸದಾ?' ಅಂದಳು ಮಗಳು. ಹೌದು, ಎಲ್ಲಕ್ಕಿಂತ ಹೊಸದು ಅಲ್ಲೇ.