ಏರುತ್ತಿರುವ ತಾಪಮಾನವನ್ನು ಅರಿಯಲು ನಕ್ಷೆಯೋ, ಗ್ರಾಫೋ, ಬಣ್ಣದ ಪಟ್ಟಿಯೋ?

ತಾಪಮಾನದ ಅಂಕಿಗಳನ್ನು ಕೋಷ್ಟಕದಲ್ಲಿ ಎಷ್ಟು ಓದಿದರೂ ತಲೆಗೆ ಹತ್ತದಿದ್ದಾಗ, ಅವನ್ನೇ ನಕ್ಷೆ, ಗ್ರಾಫ್ ಮತ್ತು ಬಣ್ಣದ ಪಟ್ಟಿ ಎಂಬ ಮೂರು ರೂಪಗಳಲ್ಲಿ ಕೆಲವು ವಾರ ನೋಡಿ, ಯಾವುದು ಹೆಚ್ಚು ತಿಳಿಸುತ್ತದೆ ಎಂದು ಪರೀಕ್ಷಿಸಿದೆ.

ಹೆಚ್ಚು ಹೊತ್ತು ಹಿಡಿದಿಟ್ಟದ್ದು ನಕ್ಷೆ. ನಾಸಾದ ಗೊಡಾರ್ಡ್ ಸಂಸ್ಥೆಯ ಜಾಲತಾಣದಲ್ಲಿ ವರ್ಷವನ್ನೂ ಹೋಲಿಕೆಯ ಆಧಾರ ಅವಧಿಯನ್ನೂ ನಾವೇ ಆರಿಸಿ ನಕ್ಷೆ ಬರೆಸಿಕೊಳ್ಳಬಹುದು. 1951ರಿಂದ 1980ರವರೆಗಿನ ಸರಾಸರಿಗೆ ಹೋಲಿಸಿ 2023ರ ನಕ್ಷೆ ತೆಗೆದಾಗ ಭೂಮಿಯ ಬಹುಭಾಗ ಕೆಂಪು, ಕಿತ್ತಳೆ ಬಣ್ಣದಲ್ಲಿ ಕಂಡಿತು. ಆಧಾರವನ್ನು 1991ರಿಂದ 2020ಕ್ಕೆ ಬದಲಿಸಿದೊಡನೆ ಅದೇ ವರ್ಷದ ನಕ್ಷೆ ಗಮನಾರ್ಹವಾಗಿ ಪೇಲವವಾಯಿತು. ವರ್ಷವನ್ನೇ ತಪ್ಪಾಗಿ ಒತ್ತಿದೆನೇನೋ ಎಂದು ಮೊದಲು ಅನುಮಾನಿಸಿದೆ. ಬದಲಾದದ್ದು ತಾಪಮಾನವಲ್ಲ, ಅಳತೆಯ ಆರಂಭಬಿಂದು. ಆದ್ದರಿಂದ ಆಧಾರ ಅವಧಿಯನ್ನು ನಮೂದಿಸದ ನಕ್ಷೆಯನ್ನು ಈಗ ನಾನು ನಂಬುವುದಿಲ್ಲ. ದುಂಡಗಿನ ಭೂಮಿಯನ್ನು ಆಯತದಲ್ಲಿ ಹರಡಿ ತೋರಿಸುವ ಮರ್ಕೇಟರ್ ಮಾದರಿಯ ನಕ್ಷೆ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ: ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದಾದರೂ ಅದರಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿ ಕಾಣುವುದರಿಂದ, ಧ್ರುವದ ಬಳಿಯ ಕೆಂಪು ವಾಸ್ತವಕ್ಕಿಂತ ಎಷ್ಟೋ ವಿಸ್ತಾರವಾಗಿ ಹರಡಿಕೊಳ್ಳುತ್ತದೆ. ಆರ್ಕ್‌ಟಿಕ್ ಪ್ರದೇಶ ಜಾಗತಿಕ ಸರಾಸರಿಗಿಂತ ಬಹಳ ವೇಗವಾಗಿ ಬಿಸಿಯಾಗುತ್ತಿರುವುದಂತೂ ನಿಜವೇ. ಇಷ್ಟಾದರೂ, ಶತಮಾನದ ಏರಿಳಿತ ತೋರಿಸುವ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡಿನ ದಕ್ಷಿಣಕ್ಕೆ ಸಾಗರದ ನಡುವೆ ಬಿಸಿಯಾಗದೆ ಉಳಿದಿರುವ ಆ ಸಣ್ಣ ನೀಲಿ ತೇಪೆ ಯಾವ ಜಾಗತಿಕ ಸರಾಸರಿಯ ಗ್ರಾಫಿನಲ್ಲಿಯೂ ಸಿಗಲಾರದು.

ಎಷ್ಟು, ಯಾವ ವೇಗದಲ್ಲಿ ಎಂಬ ಪ್ರಶ್ನೆಗೆ ಮಾತ್ರ ನಕ್ಷೆ ತಡವರಿಸುತ್ತದೆ, ಗ್ರಾಫ್ ನೇರವಾಗಿ ಉತ್ತರಿಸುತ್ತದೆ. ತಾಪಮಾನ ಏರಲು ಮುಖ್ಯ ಕಾರಣವಾದ ಅನಿಲದ ಗ್ರಾಫನ್ನೇ ನೋಡಿ: ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಆರಂಭಿಸಿದ ಇಂಗಾಲದ ಡೈಆಕ್ಸೈಡ್ ಅಳತೆಯ ರೇಖೆ ಸುಮಾರು 315 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ ಎಂಬ ಅಳತೆ) ಹೊರಟು ಈಗ 420ನ್ನು ದಾಟಿದೆ. ಹತ್ತಿರದಿಂದ ನೋಡಿದರೆ ಆ ರೇಖೆಗೆ ಗರಗಸದ ಹಲ್ಲುಗಳಿವೆ: ಉತ್ತರಾರ್ಧಗೋಳದ ಗಿಡಮರಗಳು ಚಿಗುರಿ ಬೆಳೆಯುವಾಗ ಅನಿಲವನ್ನು ಹೀರುವುದರಿಂದ ಮೇ ತಿಂಗಳ ನಂತರ ರೇಖೆ ಇಳಿದು, ಶರತ್ಕಾಲದಿಂದ ಮತ್ತೆ ಏರುತ್ತದೆ. ಗ್ರಾಫಿಗೂ ತನ್ನದೇ ಚಾಳಿಯಿದೆ. ಲಂಬ ಅಕ್ಷವನ್ನು 300ರಿಂದ ಆರಂಭಿಸಿ ನಾನೇ ಬರೆದು ನೋಡಿದಾಗ ಮಟ್ಟ ಎಂಟು ಪಟ್ಟಾದಂತೆ ಕಂಡಿತು. ಸೊನ್ನೆಯಿಂದ ಬರೆದಾಗ ಕಂಡದ್ದು ಮೂರನೇ ಒಂದು ಭಾಗದಷ್ಟು ಹೆಚ್ಚಳ, ಅದೇ ನಿಜವಾದ ಪ್ರಮಾಣ.

2018ರಲ್ಲಿ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ರೂಪಿಸಿದ ಬಣ್ಣದ ಪಟ್ಟಿಯಲ್ಲಿ ವರ್ಷಕ್ಕೊಂದು ಗೀಟು, ಎಡಕ್ಕೆ ನೀಲಿ, ಬಲಕ್ಕೆ ಕಡುಗೆಂಪು. ಅಂಕಿಯೂ ಇಲ್ಲ, ಅಕ್ಷವೂ ಇಲ್ಲ. ವಿಷಯವೇ ಗೊತ್ತಿಲ್ಲದವರ ಗಮನ ಸೆಳೆಯಲು ಇದಕ್ಕೆ ಸಾಟಿಯಿಲ್ಲ, ಆದರೆ ಎರಡು ನಿಮಿಷ ನೋಡಿದ ಮೇಲೆ ಇದರಿಂದ ಹೊಸದಾಗಿ ತಿಳಿಯುವಂಥದ್ದೇನೂ ನನಗೆ ಉಳಿಯಲಿಲ್ಲ.

ಈಗ ನಾನು ಮೊದಲು ಗ್ರಾಫ್ ತೆರೆಯುತ್ತೇನೆ, ಬಳಿಕ ಎರಡು ಬೇರೆ ಆಧಾರ ಅವಧಿಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ.