ನೇಪಾಳದಲ್ಲಿ ಶಾಲೆ ಕಟ್ಟೋಣ ಬನ್ನಿ ಅಂತ ಕರೆದರೆ ಹೋಗಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದರೆ ಆ ಜನ ಮತ್ತೆ ಪೋಸ್ಟರ್ ಬಿಟ್ಟಿದ್ದಾರೆ. "ನಾಲ್ಕು ದಿನ ಸೇವೆ, ಮೂರು ದಿನ ಪ್ರವಾಸ, ನೆಮ್ಮದಿಯಿಂದ ಮನೆಗೆ." ಈ ಸಲ ಅದರಲ್ಲಿರೋದು ನನ್ನದೇ ಫೋಟೋ. ಕರಣೆ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದೇನೆ. ನನ್ನನ್ನು ಒಂದು ಮಾತು ಕೇಳಿಲ್ಲ.

ಕಳೆದ ನವೆಂಬರ್‌ನಲ್ಲಿ ಹೋಗಿದ್ದೆ. ಕರೆದುಕೊಂಡು ಹೋದವರು ಬೆಂಗಳೂರಿನವರೇ, ಕನ್ನಡದವರೇ. ಅದಕ್ಕೇ ನಂಬಿದೆ. ತಲೆಗೆ 68,000 ರೂಪಾಯಿ, "ಎಲ್ಲಾ ಸೇರಿ". ಅದರ ಮೇಲೆ ಕಟ್ಟಡದ ಸಾಮಾನಿಗೆ ಅಂತ 15,000. ಸಾಲದು ಅಂತ ನಾನು ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಹತ್ತಿರ ಕೈ ಚಾಚಿ 22,000 ಎತ್ತಿ ಕೊಟ್ಟೆ. ಲೈಬ್ರರಿಗೆ ಪುಸ್ತಕ ತರೋಕಂತೆ. ಈಗ ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿದರೆ ಫೋನ್ ನೋಡುತ್ತಾ ನಿಲ್ಲುತ್ತೇನೆ.

ಜಾಗ ಸಿಂಧುಪಾಲ್‌ಚೋಕ್ ಜಿಲ್ಲೆ, ಕಠ್ಮಂಡುವಿನಿಂದ ಮೇಲೆ ಗುಡ್ಡದ ಕಡೆ. 2015ರ ಏಪ್ರಿಲ್ 25ರ ಭೂಕಂಪ ನೆನಪಿದೆ ಅಲ್ವಾ? 7.8 ತೀವ್ರತೆ, ಸುಮಾರು 9,000 ಜನ ಸತ್ತರು. ಅತಿ ಹೆಚ್ಚು ಸಾವು ಆ ಜಿಲ್ಲೆಯಲ್ಲೇ. ಅದರ ಹೆಸರು ಹೇಳಿ ದುಡ್ಡು ಕೇಳಿದರೆ ಯಾರಿಗೆ ಚೌಕಾಸಿ ಮಾಡೋ ಮನಸ್ಸು ಬರುತ್ತೆ?

ಮೊದಲ ದಿನ ಪೂಜೆ, ಶಾಲು, ಫೋಟೋ. ನಾವು 12 ಜನ. ಒಬ್ಬೊಬ್ಬರ ಕೈಗೂ ಒಂದು ಇಟ್ಟಿಗೆ, ಒಂದು ಮಾರ್ಕರ್ ಕೊಟ್ಟು ಹೆಸರು ಬರೆಯಿರಿ ಅಂದರು. ಶಾಲೆಯಲ್ಲಿ ನಿಮ್ಮ ಹೆಸರು ಶಾಶ್ವತ ಅಂದರು. ನಾನು ಮಗಳ ಹೆಸರು ಬರೆದೆ. ಕಣ್ಣಲ್ಲಿ ನೀರೂ ಬಂತು. ಅದನ್ನೂ ವಿಡಿಯೋ ಮಾಡಿಕೊಂಡರು.

ನಮ್ಮಪ್ಪ ಹಾಸನದ ಕಡೆ ನಲವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿದವರು. ಎರಡನೇ ದಿನ ವಿಡಿಯೋ ಕಾಲ್‌ನಲ್ಲಿ ಗೋಡೆ ತೋರಿಸಿದೆ. ಅವರು ಹೊಗಳುತ್ತಾರೆ ಅಂದುಕೊಂಡಿದ್ದೆ. "ಕಂಬಿ ಎಲ್ಲವ್ವಾ?" ಅಂದರು. "ಭೂಮಿ ನಡುಗೋ ಜಾಗ ಅಂತೀಯ, ಗೋಡೆ ಸುತ್ತ ಕಂಬಿ ಹಾಕಿ ಕಾಂಕ್ರೀಟ್ ಪಟ್ಟಿ ಕಟ್ಟಬೇಕಲ್ಲ. ಈ ಗಾರೆಯಲ್ಲಿ ಬರೀ ಮರಳೇ ಕಾಣುತ್ತೆ. ನೀರು ಹಾಕ್ತಿದಾರಾ?" ನೀರು ಯಾರೂ ಹಾಕುತ್ತಿರಲಿಲ್ಲ. ಕೇಳಿದ್ದಕ್ಕೆ ತಂಡದ ಮುಖ್ಯಸ್ಥ ನಕ್ಕು, "ಕಂಬಿ ಎಲ್ಲಾ ನೆಕ್ಸ್ಟ್ ಫೇಸ್ ಮೇಡಂ" ಅಂದ. ನಾನು ಸುಮ್ಮನಾದೆ. ಅಪ್ಪನಿಗೆ ಹಳೇ ಕಾಲದ ಲೆಕ್ಕ ಅಂದುಕೊಂಡೆ. ಮೇಸ್ತ್ರಿ ಮಗಳಾಗಿ!

ಮೂರನೇ ದಿನ ಮಧ್ಯಾಹ್ನ ರಾಶಿಯಿಂದ ಒಂದು ಇಟ್ಟಿಗೆ ಎತ್ತಿಕೊಂಡೆ. ಒಂದು ಪಕ್ಕದಲ್ಲಿ ಒಣಗಿದ ಗಾರೆ ಅಂಟಿತ್ತು. ತಿರುಗಿಸಿದೆ. ಕೆಳಗೆ ಮಾರ್ಕರ್‌ನಲ್ಲಿ, ಅಚ್ಚ ಕನ್ನಡದಲ್ಲಿ, "ಜೈ ಕರ್ನಾಟಕ ಮಾತೆ" ಅಂತ ಇತ್ತು.

ನಮ್ಮಲ್ಲಿ ಯಾರೂ ಅದನ್ನು ಬರೆದಿರಲಿಲ್ಲ. ನೇಪಾಳದ ಗುಡ್ಡದ ಮೇಲೆ ಕನ್ನಡದ ಇಟ್ಟಿಗೆ! ಮೊದಲು ಒಂದು ಕ್ಷಣ ಖುಷಿಯೇ ಆಯಿತು ನೋಡಿ. ಆಮೇಲೆ ಹೊಟ್ಟೆ ತೊಳಸಿದ ಹಾಗಾಯಿತು. ರಾಶಿ ಕೆದಕಿದೆ. ಇನ್ನೂ ನಾಲ್ಕು ಸಿಕ್ಕವು. ಒಂದರಲ್ಲಿ ಹೃದಯದ ಚಿತ್ರ ಬೇರೆ.

ಅಲ್ಲಿ ಗಾರೆ ಕೆಲಸದವರಿಗೆ ಡಕರ್ಮಿ ಅಂತಾರೆ. ಒಬ್ಬ ವಯಸ್ಸಾದ ಡಕರ್ಮಿ ನನ್ನನ್ನೇ ನೋಡುತ್ತಿದ್ದ. ಹಿಂದಿಯಲ್ಲಿ ಮೆಲ್ಲಗೆ ಹೇಳಿದ, "ದಿದಿ, ಈ ಗೋಡೆ ಇದು ಮೂರನೇ ಸಲ. ನೀವು ಹೋದ ಮೇಲೆ ಬಿಚ್ಚುತ್ತೇವೆ. ನಮಗೆ ಕೂಲಿ ಕೊಡೋದೇ ಬಿಚ್ಚೋದಕ್ಕೆ." ಸಿಮೆಂಟ್ ಯಾಕೆ ಕಡಿಮೆ, ನೀರು ಯಾಕಿಲ್ಲ ಅಂತ ಆಗ ಗೊತ್ತಾಯಿತು. ಇಟ್ಟಿಗೆ ಒಡೆಯದೆ ಸಲೀಸಾಗಿ ಬಿಡಬೇಕಲ್ಲ, ಮುಂದಿನ ಬ್ಯಾಚಿಗೆ!

ಆ ಇಟ್ಟಿಗೆ ಹಿಡಿದುಕೊಂಡೇ ಹೋಗಿ ತಂಡದ ಮುಖ್ಯಸ್ಥನನ್ನು ಕೇಳಿದೆ. ಅವನ ಉತ್ತರಗಳು ಹೀಗಿದ್ದವು. ಮೊದಲು, "ಸೆಕೆಂಡ್ ಹ್ಯಾಂಡ್ ಇಟ್ಟಿಗೆ ಮೇಡಂ, ಪರಿಸರಕ್ಕೆ ಒಳ್ಳೇದು." ಅದರ ಮೇಲಿನ ಬರಹ ತೋರಿಸಿದ ಮೇಲೆ, "ಹಿಂದಿನ ಬ್ಯಾಚ್ ಗೋಡೆ ಸೊಟ್ಟ ಇತ್ತು, ಮಕ್ಕಳ ಸುರಕ್ಷತೆ ಮುಖ್ಯ ಅಲ್ವಾ ಮೇಡಂ." ಹಾಗಾದರೆ ನಮ್ಮ ಗೋಡೆ ನಿಲ್ಲುತ್ತಾ ಅಂದೆ. "ಮೇಡಂ, ನೀವು ಇಂಜಿನಿಯರಾ?" ಕೊನೆಗೆ ದನಿ ತಗ್ಗಿಸಿ ಅಂದ, "ನಿಮಗೆ ಅನುಭವ ಸಿಕ್ತು ತಾನೇ? ಫೋಟೋ ಸಿಕ್ತು ತಾನೇ?"

ಈ ಕೊನೆಯ ಮಾತು ಇವತ್ತಿಗೂ ಚುಚ್ಚುತ್ತೆ. ಯಾಕಂದರೆ ಅದರಲ್ಲಿ ಅರ್ಧ ನಿಜ ಇತ್ತು.

ಲೆಕ್ಕ ಮಾಡಿ. 12 ಜನ, 15,000ದಂತೆ 1.8 ಲಕ್ಷ. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60. ಅಂದರೆ 2.88 ಲಕ್ಷ ನೇಪಾಳಿ ರೂಪಾಯಿ. ಭೂಕಂಪದಲ್ಲಿ ಮನೆ ಹೋದವರಿಗೆ ಮನೆ ಕಟ್ಟಿಕೊಳ್ಳೋಕೆ ಅಲ್ಲಿನ ಸರ್ಕಾರ ಕೊಟ್ಟದ್ದು 3 ಲಕ್ಷ, ಅದೂ ಕಂತಿನಲ್ಲಿ, ಹಂತ ಹಂತಕ್ಕೆ ಇಂಜಿನಿಯರ್ ಬಂದು ನೋಡಿದ ಮೇಲೆ. ನಾವು ಹೆಚ್ಚುಕಡಿಮೆ ಅಷ್ಟೇ ಕೊಟ್ಟು ಬಿಚ್ಚೋ ಗೋಡೆ ಕಟ್ಟಿದೆವು.

ಪ್ರವಾಸದ ಕಥೆ ಜಾಸ್ತಿ ಹೇಳಲ್ಲ. ಪೋಖರಾ ರದ್ದು, "ರಸ್ತೆ ಕೆಲಸ ನಡೀತಿದೆ." ಅಲ್ಲಿನ ಫೇವಾ ಕೆರೆಗೆ ಅಂತ ಹೊಸ ಕ್ಯಾಮೆರಾ ಕೊಂಡಿದ್ದೆ. ಪಶುಪತಿನಾಥದಲ್ಲಿ ಕರ್ನಾಟಕ ಮೂಲದ ಭಟ್ಟರು ಪೂಜೆ ಮಾಡುತ್ತಾರೆ, ಅದು ನಿಜ. ಅದನ್ನೇ ಹೇಳಿ "ನಮ್ಮವರ ಕೈಯಿಂದ ವಿಶೇಷ ದರ್ಶನ" ಅಂತ 2,000 ಕಿತ್ತರು. ಒಳಗೆ ಹೋಗೋಕೆ ಭಾರತದವರಿಗೆ ಟಿಕೆಟ್ಟೇ ಬೇಡ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಬಂದೆವು. ಭಕ್ತಪುರದಲ್ಲಿ ಐದಂತಸ್ತಿನ ನ್ಯಾತಪೋಲ ದೇವಸ್ಥಾನ ನೋಡಿದೆ. 1702ರಲ್ಲಿ ಕಟ್ಟಿದ್ದು, 1934ರ ಭೂಕಂಪ ಕಂಡಿದೆ, 2015ರದ್ದೂ ಕಂಡಿದೆ, ಇನ್ನೂ ನಿಂತಿದೆ. ಅದರ ಮೆಟ್ಟಿಲ ಮೇಲೆ ಕೂತು ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ವಾಪಸ್ ಬರೋದು ಇನ್ನೊಂದು ರಾಮಾಯಣ. ಹೋಗುವಾಗ ವಿಮಾನ. ಬರುವಾಗ ರಾತ್ರಿ ಬಸ್‌ನಲ್ಲಿ ಸುನೌಲಿ ಗಡಿ, ಅಲ್ಲಿಂದ ಗೋರಖ್‌ಪುರ, ಅಲ್ಲಿಂದ ಸ್ಲೀಪರ್ ರೈಲು. "ವಾಪಸ್ ಪ್ರಯಾಣ ಸೇರಿದೆ ಅಂದಿದ್ವಿ ಮೇಡಂ, ವಿಮಾನ ಅಂತ ಎಲ್ಲಿ ಬರೆದಿದೆ ತೋರಿಸಿ." ನಿಜಕ್ಕೂ ಎಲ್ಲೂ ಬರೆದಿರಲಿಲ್ಲ. ದುಡ್ಡು ವಾಪಸ್ ಕೇಳಿದ ದಿನವೇ ನನ್ನನ್ನು ಗ್ರೂಪಿನಿಂದ ತೆಗೆದರು. ಪುಸ್ತಕದ ಬಿಲ್ ಇವತ್ತಿಗೂ ಬಂದಿಲ್ಲ.

ಹೋಗಲೇಬೇಕು ಅಂತ ಇರೋರು ಆ ಶಾಲೆಯ ಹೆಡ್‌ಮಾಸ್ಟರ್ ಜೊತೆ ನೀವೇ ಮಾತಾಡಿ. ಹಿಂದಿನ ಬ್ಯಾಚ್ ಕಟ್ಟಿದ್ದರ ಫೋಟೋ ಕೇಳಿ, ಚಾವಣಿ ಸಮೇತ. ಬರೋ ಟಿಕೆಟ್ ಕೈಗೆ ಬಾರದೆ ಒಂದು ಪೈಸೆ ಬಿಚ್ಚಬೇಡಿ. ನೇಪಾಳ ನೋಡೋಕೆ ಆಸೆಯಾದರೆ ಸುಮ್ನೆ ನೇಪಾಳ ನೋಡಿಕೊಂಡು ಬನ್ನಿ. ಗೋಡೆ ಕಟ್ಟೋಕೆ ಅಲ್ಲಿ ಕೈ ಪಳಗಿದವರಿದ್ದಾರೆ.

ಈಗಾಗಲೇ ದುಡ್ಡು ಕಟ್ಟಿದವರು ಇದನ್ನು ಓದುತ್ತಿದ್ದರೆ ಒಂದು ಸಹಾಯ ಮಾಡಿ. ಅಲ್ಲಿ ಹೋದಾಗ ಇಟ್ಟಿಗೆ ತಿರುಗಿಸಿ ನೋಡಿ. ಒಂದರ ಕೆಳಗೆ ನೀಲಿ ಮಾರ್ಕರ್‌ನಲ್ಲಿ, ಕನ್ನಡದಲ್ಲಿ, ಪುಟ್ಟ ಹೂವು ಬರೆದು ಒಂದು ಹೆಣ್ಣುಮಗುವಿನ ಹೆಸರಿದೆ. ಸಿಕ್ಕರೆ ಒಂದು ಫೋಟೋ ಕಳಿಸಿ.